ಹಠ ಹಿಡಿದ ಹಳೆಯ ಲಾರಿ

ಕಡಲೆಕಾಯಿ ಮೂಟೆ ಹೇರಿಕೊಂಡು ಬೊಮ್ಮನಹಾಳಿನಿಂದ ಬಳ್ಳಾರಿಗೆ ಹೊರಡಬೇಕಾದ ಹಳೆಯ ಲಾರಿ ನಸುಕಿನಲ್ಲಿ ಮೊಂಡುಹಿಡಿದರೆ, ನಮ್ಮವರು ಸೆಲ್ಫ್ ಒತ್ತಿ ಒತ್ತಿ ಬ್ಯಾಟರಿಯನ್ನು ಬರಿದುಮಾಡುವರು. ಅನಂತರ ಊರೇ ಕೂಡಿ ತಳ್ಳುವುದು. ಇದನ್ನು ನಾವು ಒಪ್ಪೆವು.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಸಿಲಿಂಡರಿನಲ್ಲಿ ಅದುಮಲ್ಪಟ್ಟ ಗಾಳಿ ಬಲು ಬಿಸಿಯಾಗಿ, ಅದರೊಳಗೆ ಚಿಮ್ಮಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಸಾಧಿಸಿ ತೋರಿಸಿದ ತತ್ತ್ವವಿದು. ಆದುದರಿಂದ ಎಂಜಿನ್ ಚುರುಕಾಗಿ ತಿರುಗುತ್ತಿದೆಯೇ, ಎಣ್ಣೆ ತಲಪುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು.

ತಿರುಗುವುದು ಮಂದವಾದರೆ ಬ್ಯಾಟರಿಯ ತುದಿಗಳನ್ನು ಉಜ್ಜಿ ಬಿಗಿಮಾಡಿರಿ. ಚುರುಕಾಗಿ ತಿರುಗಿಯೂ ಹೊಗೆಯೇ ಕಾಣದಿದ್ದರೆ ಎಣ್ಣೆ ತಲಪಿಲ್ಲ. ಎಂಜಿನ್ ನಿಲ್ಲಿಸುವ ಗುಂಡಿ ಎಳೆದಂತೆಯೇ ಉಳಿದಿರಬಹುದು. ಟ್ಯಾಂಕು ಒಮ್ಮೆ ಬರಿದಾಗಿದ್ದರೆ, ಪೈಪಿನ ಸಂದು ಸಡಿಲಿದ್ದರೆ, ಗಾಳಿ ಸೇರಿರುತ್ತದೆ. ಚಾಲಕರು ಏರ್‌ಲಾಕ್ ಎನ್ನುವುದು ಇದನ್ನೇ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರಿಯ ಎಣ್ಣೆ ಹರಿಯುವವರೆಗೆ ಕೈಪಂಪು ಒತ್ತಿ, ಮತ್ತೆ ಬಿಗಿಯಬೇಕು. ಸೆಲ್ಫನ್ನು ಒಮ್ಮೆಗೆ ಹತ್ತು ಹದಿನೈದು ಸೆಕೆಂಡು ಮಾತ್ರ ಒತ್ತಿ, ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಬೇಕು.

ಟ್ಯಾಂಕಿನಡಿ ಚಿಂದಿ ಹೊತ್ತಿಸಿ ಕಾಯಿಸುವವರೂ ಉಂಟು. ನಮ್ಮ ಬಿಸಿಲುಸೀಮೆಯಲ್ಲಿ ಡೀಸೆಲ್ ಹೆಪ್ಪುಗಟ್ಟುವುದೆಲ್ಲಿ ಬಂತು! ಲಾರಿಯೊಡನೆ ಮನುಷ್ಯರೂ ಸುಟ್ಟಾರು.

ಬಿಳಿಹೊಗೆ ಬಂದೂ ಎಂಜಿನ್ ಏಳದಿದ್ದರೆ, ಎಣ್ಣೆ ತಲಪಿದರೂ ಉರಿಯುತ್ತಿಲ್ಲ. ಪಿಸ್ಟನ್ ರಿಂಗು ಸವೆದಿರಬಹುದು. ಆಗ ಬಳ್ಳಾರಿಯ ಮೆಕ್ಯಾನಿಕರಿಗೆ ಹೇಳಿಕಳುಹಿಸಿ, ಮೂಟೆಗಳನ್ನು ಬೇರೆ ಲಾರಿಗೆ ಹೇರಿಸಿರಿ.