ಜವಳಿ ಬಸಿರಿಗೆ ಒಂಬತ್ತು ತಿಂಗಳ ಲೆಕ್ಕ ನಡೆಯದು

ಉಮರ್ಗಾ: ಗಡಿಭಾಗದ ಕನ್ನಡ ಮನೆಗಳಲ್ಲಿ ಹೆಣ್ಣು ಕೊಡಲು, ತರಲು ಗಡಿ ಅಡ್ಡ ಬಂದಿಲ್ಲ. ಉಮರ್ಗಾ, ನಿಲಂಗಾ, ಉದಗೀರದ ಎಷ್ಟೋ ಸೊಸೆಯಂದಿರಿಗೆ ಬಸವಕಲ್ಯಾಣ, ಭಾಲ್ಕಿ, ಆಳಂದದ ಕಡೆ ತವರು. ಏಳರಲ್ಲಿ ಕುಬಸ, ಆಮೇಲೆ ತವರಿನ ಹಾದಿ, ಒಂಬತ್ತು ತುಂಬಿದ ಮೇಲೆ ಹೆರಿಗೆ. ಇದು ಹಿರಿಯರು ಹಾಕಿಕೊಟ್ಟ ಲೆಕ್ಕ. ಆದರೆ ಹೊಟ್ಟೆಯಲ್ಲಿ ಎರಡು ಕೂಸು ಇದ್ದರೆ ಈ ಲೆಕ್ಕ ತಪ್ಪುತ್ತದೆ.

ಒಂದೇ ಕೂಸಾದರೆ ಹೆರಿಗೆಗೆ ಸುಮಾರು 40 ವಾರ. ಜವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಬೇಗ ಹುಟ್ಟಿದ ಕೂಸಿನ ತೂಕ ಎರಡೂವರೆ ಕಿಲೋ ಮುಟ್ಟುವುದು ಕಷ್ಟ. ಉಸಿರಾಟ, ಮೈ ಕಾವು, ಹಾಲು ಚೀಪುವುದು ಎಲ್ಲದಕ್ಕೂ ತೊಂದರೆ. ‘ಇನ್ನೂ ದಿನ ಅದಾವ, ಈಗ್ಲೇ ಯಾಕ ಅವಸರ’ ಎನ್ನುವಷ್ಟರಲ್ಲಿ ಬ್ಯಾನಿ ಶುರುವಾಗಿರುತ್ತದೆ.

ತಾಯಿಗೂ ಅಪಾಯ

ಜವಳಿ ಬಸುರಿಗೆ ಬಿಪಿ ಏರುವ ಅಪಾಯ ಎರಡು-ಮೂರು ಪಟ್ಟು ಹೆಚ್ಚು. ರಕ್ತಹೀನತೆಯೂ ಬೇಗ ಕಾಡುತ್ತದೆ. ಹೆಚ್ಚು ಹಿಗ್ಗಿದ ಗರ್ಭಕೋಶ ಹೆರಿಗೆಯ ನಂತರ ಸರಿಯಾಗಿ ಕುಗ್ಗದಿದ್ದರೆ ರಕ್ತಸ್ರಾವ ನಿಲ್ಲುವುದಿಲ್ಲ. ಆದ್ದರಿಂದ ರಕ್ತ ಸಿಗುವ, ಸಿಜೇರಿಯನ್ ಮಾಡುವ, ನವಜಾತ ಶಿಶುಗಳ ಘಟಕವಿರುವ ದವಾಖಾನೆಯಲ್ಲೇ ಹೆರಿಗೆ ಆಗಬೇಕು.

ಮೊದಲ ಸೋನೋಗ್ರಾಫಿ ಮುಖ್ಯ

11ರಿಂದ 14 ವಾರದೊಳಗಿನ ಸೋನೋಗ್ರಾಫಿಯಲ್ಲಿ ಎರಡೂ ಕೂಸಿಗೆ ಒಂದೇ ಮಾಸು ಇದೆಯೋ, ಬೇರೆ ಬೇರೆಯೋ ಎಂಬುದು ಚೆನ್ನಾಗಿ ತಿಳಿಯುತ್ತದೆ. ತಡವಾದರೆ ಹೇಳುವುದು ಕಷ್ಟ. ಮಾಸು ಒಂದೇ ಆಗಿದ್ದರೆ ಇಂಥ ನೂರರಲ್ಲಿ 10–15 ಬಸಿರುಗಳಲ್ಲಿ ಒಂದು ಕೂಸಿನ ರಕ್ತ ಇನ್ನೊಂದಕ್ಕೆ ಹರಿದು ಎರಡಕ್ಕೂ ಕುತ್ತು ಬರುತ್ತದೆ. ಇವರಿಗೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ತಪಾಸಣೆ ಬೇಕು.

ತುಮಕೂರಿನ ಪಾಠ

2022ರ ನವೆಂಬರಿನಲ್ಲಿ ತುಮಕೂರಿನಲ್ಲಿದ್ದ ತಮಿಳುನಾಡು ಮೂಲದ ಬಸುರಿಯೊಬ್ಬರು ಬ್ಯಾನಿ ಬಂದು ಜಿಲ್ಲಾಸ್ಪತ್ರೆಗೆ ಹೋದರು. ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ದಾಖಲಿಸಿಕೊಳ್ಳದೆ ವಾಪಸ್ ಕಳಿಸಿದರೆಂಬ ಆರೋಪ ಬಂತು. ಮನೆಯಲ್ಲೇ ಹೆರಿಗೆಯಾಗಿ ತಾಯಿ ಮತ್ತು ಜವಳಿ ಗಂಡುಮಕ್ಕಳು ಮೂವರೂ ತೀರಿಕೊಂಡರು. ವೈದ್ಯೆ, ಶುಶ್ರೂಷಕಿಯರು ಅಮಾನತಾದರು. ತುರ್ತು ಚಿಕಿತ್ಸೆಗೆ ಕಾಗದಪತ್ರ ಬೇಕಿಲ್ಲ ಎಂದು ಆಗಿನ ಆರೋಗ್ಯ ಸಚಿವ ಕೆ. ಸುಧಾಕರ್ ಸ್ಪಷ್ಟಪಡಿಸಿದರು.

ಒಂದು ರಾಜ್ಯದಲ್ಲಿ ಹೆಸರು ಬರೆಸಿ ಇನ್ನೊಂದರಲ್ಲಿ ಹೆರುವ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಈ ಘಟನೆ ದೂರದ ಸುದ್ದಿಯಲ್ಲ. ಕಾಗದವಿಲ್ಲವೆಂದು ಯಾರೂ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ಆದರೂ ಕಾಗದ ಕೈಯಲ್ಲಿದ್ದರೆ ಹೊಸ ಡಾಕ್ಟರರಿಗೆ ಹಿಂದಿನದೆಲ್ಲ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಮನೆಯವರು ಮಾಡಬೇಕಾದ್ದು

ಹೆರಿಗೆ ಲಾತೂರು, ಸೊಲ್ಲಾಪುರದಲ್ಲೋ, ಬೀದರ, ಕಲಬುರಗಿಯಲ್ಲೋ ಎಂಬುದನ್ನು ಅತ್ತೆ ಮನೆಯವರು, ತವರಿನವರು ಕೂಡಿ ಮೊದಲೇ ನಿರ್ಧರಿಸಬೇಕು. ನಾಲ್ಕೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ತವರಿಗೆ ಹೋಗುವುದಿದ್ದರೆ ಡಾಕ್ಟರರನ್ನು ಕೇಳಿಕೊಂಡು ಏಳು ತಿಂಗಳು ತುಂಬುವ ಮೊದಲೇ ಹೋಗಿ ಅಲ್ಲಿಯ ಆಶಾ ಕಾರ್ಯಕರ್ತೆಯ ಬಳಿ ಹೆಸರು ಬರೆಸಬೇಕು. ತಾಯಿ-ಮಗು ಕಾರ್ಡ್, ಸೋನೋಗ್ರಾಫಿ ವರದಿ, ರಕ್ತದ ಗುಂಪಿನ ಚೀಟಿ ಒಂದೇ ಚೀಲದಲ್ಲಿರಲಿ.

ಪ್ರತಿ ತಿಂಗಳ 9ರಂದು ಸರ್ಕಾರಿ ದವಾಖಾನೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ದವಾಖಾನೆಯಲ್ಲಿ ಸಿಜೇರಿಯನ್, ರಕ್ತ, ಔಷಧಿ, ವಾಹನಕ್ಕೆ ಹಣ ಕೊಡಬೇಕಿಲ್ಲ.

ತಲೆನೋವು, ಕಣ್ಣು ಮಂಜಾಗುವುದು, ಮುಖ-ಕೈ ಬಾವು, ರಕ್ತ ಅಥವಾ ನೀರು ಹೋಗುವುದು, ಕೂಸುಗಳ ಚಲನೆ ಕಡಿಮೆಯಾಗುವುದು ಕಂಡರೆ ಬೆಳಗಾಗುವತನಕ ಕಾಯದೆ 108ಕ್ಕೆ ಕರೆ ಮಾಡಬೇಕು. 34 ವಾರದೊಳಗೆ ಬ್ಯಾನಿ ಬಂದರೂ ವೇಳೆಗೆ ದವಾಖಾನೆ ಮುಟ್ಟಿದರೆ ಕೂಸುಗಳ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಡುತ್ತಾರೆ. ಕುಬಸದ ದಿನ ಗೊತ್ತು ಮಾಡುವಾಗಲೇ ದವಾಖಾನೆಯನ್ನೂ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.