ದೋಣಿಗೆ ಕೈಯಾರೆ ವೆಲ್ಡ್ ಮಾಡಿದ ಲಂಗರು ನಂಬಬಹುದೇ? ಕಂಬಿ, ಸತು, ಉಪ್ಪುನೀರಿನ ಲೆಕ್ಕ ಇಲ್ಲಿದೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯಿರಲಿ, ಮುಂಬೈನ ವರ್ಸೋವಾ ಇರಲಿ, ಈ ಎರಡು ತಿಂಗಳು ಬಲೆ ಸರಿಪಡಿಸುವ, ದೋಣಿ ರಿಪೇರಿ ಮಾಡುವ ಕಾಲ. ಚೆನ್ನೈನ ಕಾಸಿಮೇಡುವಿನಲ್ಲಿ ಇದೇ ಬಿಡುವು ಏಪ್ರಿಲ್ 15ರಿಂದ ಜೂನ್ 14ರವರೆಗೆ. ಲಂಗರು, ಚುಕ್ಕಾಣಿಯ ಕೀಲು, ಇಂಜಿನ್ ಕೂರಿಸುವ ಬ್ರಾಕೆಟ್ ಇಂಥ ಸಾಮಾನುಗಳನ್ನು ಸಣ್ಣ ದೋಣಿಯವರು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳುವುದೂ ಉಂಟು. ಮೆಷಿನ್ ಇದ್ದವರು ಮನೆಯಂಗಳದಲ್ಲೇ ಮಾಡಿಕೊಳ್ಳುತ್ತಾರೆ. ಹಣ ಉಳಿಯುತ್ತದೆ, ನಿಜ. ಆದರೆ ಗಾಳಿ ಎದ್ದ ರಾತ್ರಿ ಇಂಜಿನ್ ಕೈಕೊಟ್ಟರೆ ದೋಣಿ ಮತ್ತು ಬಂಡೆಯ ನಡುವೆ ಉಳಿಯುವುದು ಆ ಒಂದು ವೆಲ್ಡಿಂಗ್ ಮಾತ್ರ.

ಲಂಗರನ್ನು ಕೈಯಾರೆ ಮಾಡಿಕೊಳ್ಳುವುದು ಹೊಸದಲ್ಲ. ದ್ವಾರಕೆಯ ಬಳಿ ಸಮುದ್ರದಡಿ ತೂತು ಕೊರೆದ ಕಲ್ಲಿನ ಲಂಗರುಗಳು ಸಿಕ್ಕಿವೆ. ಅಲ್ಲಿನ ಶೋಧವನ್ನು ಮುನ್ನಡೆಸಿದವರು ಕನ್ನಡಿಗ ಪುರಾತತ್ವಜ್ಞ ಎಸ್.ಆರ್. ರಾವ್. ಇನ್ನು ಜಗತ್ತಿನ ವಿಹಾರ ದೋಣಿಗಳಲ್ಲಿ ದಶಕಗಳ ಕಾಲ ಮೆರೆದ, ನೇಗಿಲಿನ ಆಕಾರದ 'ಸಿಕ್ಯೂಆರ್' ಲಂಗರನ್ನು ರೂಪಿಸಿದ್ದು ಹಡಗು ಕಂಪನಿಯಲ್ಲ, ಕೇಂಬ್ರಿಡ್ಜ್‌ನ ಭೌತವಿಜ್ಞಾನಿ ಜೆಫ್ರಿ ಇಂಗ್ರಾಂ ಟೇಲರ್. ಹಾಯಿದೋಣಿಯ ಹುಚ್ಚಿದ್ದ ಅವರಿಗೆ ಭಾರ ಕಡಿಮೆ, ಹಿಡಿತ ಜಾಸ್ತಿ ಇರುವ ಲಂಗರು ಬೇಕಿತ್ತು. 1933ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು.

ಟೇಲರ್ ಕಂಡುಕೊಂಡ ಸಂಗತಿಯನ್ನೇ ಮನೆಯಲ್ಲಿ ಮಾಡುವವರು ಮರೆಯುವುದು ಹೆಚ್ಚು. ಲಂಗರು ದೋಣಿಯನ್ನು ಹಿಡಿಯುವುದು ಭಾರದಿಂದಲ್ಲ, ನೆಲಕ್ಕೆ ಕಚ್ಚಿಕೊಳ್ಳುವ ಕೋನದಿಂದ. ಚಪ್ಪಟೆ ರೆಕ್ಕೆಯ ಡ್ಯಾನ್‌ಫೋರ್ತ್ ಮಾದರಿಯಲ್ಲಿ ರೆಕ್ಕೆ ಮತ್ತು ದಂಡದ ನಡುವೆ ಮರಳಿಗೆ ಸುಮಾರು 30 ಡಿಗ್ರಿ ಇರಬೇಕು, ಮೆತ್ತನೆ ಕೆಸರಿಗೆ ಅದಕ್ಕಿಂತ ಹೆಚ್ಚು. ಫೋಟೊ ನೋಡಿ ಅಂದಾಜಿನಲ್ಲಿ ವೆಲ್ಡ್ ಮಾಡಿದ ನಕಲು ಎಷ್ಟೇ ಭಾರವಿದ್ದರೂ ತಳದ ಮೇಲೆ ಜಾರುತ್ತಾ ಹೋಗಬಹುದು.

ಕಂಬಿ ಲಂಗರು ಎಲ್ಲಿಗೆ ಸರಿ?

ಕಟ್ಟಡದ ಕಂಬಿ ಬಾಗಿಸಿ, ನಾಲ್ಕೈದು ಕೊಕ್ಕೆ ಮಾಡಿ, ಪೈಪಿಗೆ ಅಂಟಿಸಿದರೆ ಅಗ್ಗದ ಲಂಗರು ಸಿದ್ಧ. ಬಂಡೆ ಇರುವ ಕಡೆ ಇದು ಒಳ್ಳೆಯದೇ. ಕೊಕ್ಕೆ ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ಜೋರಾಗಿ ಎಳೆದಾಗ ನೆಟ್ಟಗಾಗಿ ಬಿಡಿಸಿಕೊಂಡು ಬರುತ್ತದೆ, ಮೇಲೆ ತಂದು ಮತ್ತೆ ಬಾಗಿಸಿದರಾಯಿತು. ಆದರೆ ಬಂಡೆಯಲ್ಲಿ ಗುಣವಾದದ್ದೇ ಮರಳು, ಕೆಸರಿನಲ್ಲಿ ದೋಷ. ಅಲ್ಲಿ ತೆಳ್ಳಗಿನ ಕೊಕ್ಕೆಗಳು ಬಾಚಣಿಗೆಯಂತೆ ಗೀರುತ್ತಾ ಬರುತ್ತವೆಯೇ ಹೊರತು ನಿಲ್ಲುವುದಿಲ್ಲ.

ಟಿಎಂಟಿ ಕಂಬಿಗೆ ಇನ್ನೊಂದು ತೊಡಕಿದೆ. ಕಾರ್ಖಾನೆಯಲ್ಲಿ ಕೆಂಪಗೆ ಕಾದ ಕಂಬಿಗೆ ಥಟ್ಟನೆ ನೀರು ಹಾಯಿಸಿ ಹೊರಪದರವನ್ನು ಗಡಸು ಮಾಡಿರುತ್ತಾರೆ, ಒಳಭಾಗ ಮೆತ್ತಗೇ ಇರುತ್ತದೆ. ವೆಲ್ಡಿಂಗ್ ಕಾವು ತಗುಲಿದ ಜಾಗದಲ್ಲಿ ಆ ಗಡಸುತನ ಇಳಿಯುತ್ತದೆ. ಅಂದರೆ ಹೆಚ್ಚು ಬಲ ಬೀಳುವ ಬುಡದಲ್ಲೇ ಕಂಬಿ ಸೋಲುತ್ತದೆ. ಗುಜರಿಯಿಂದ ತಂದ, ಯಾವ ಉಕ್ಕೆಂದು ಗೊತ್ತಿಲ್ಲದ ತುಂಡಿನಲ್ಲಿ ಕಾರ್ಬನ್ ಹೆಚ್ಚಿದ್ದರಂತೂ ವೆಲ್ಡ್ ಪಕ್ಕದ ಲೋಹ ಗಾಜಿನಂತೆ ಪೆಡಸಾಗಿ ಬಿರುಕು ಬಿಡಬಹುದು. ಮುಂಬೈನ ದಾರುಖಾನಾದಂಥ ಹಡಗು ಗುಜರಿ ಬಜಾರಿನಲ್ಲಿ ಹಳೆಯ ಲಂಗರು, ಸರಪಳಿ ಹುಡುಕುವವರಿಗೆ ಈ ತಲೆನೋವು ಕಡಿಮೆ.

ಗಾಳಿಯ ವೇಗ ಎರಡು ಪಟ್ಟಾದರೆ ದೋಣಿಯ ಮೇಲೆ ಬೀಳುವ ಬಲ ನಾಲ್ಕು ಪಟ್ಟಾಗುತ್ತದೆ. ಶಾಂತ ದಿನ ಪರೀಕ್ಷಿಸಿ 'ಗಟ್ಟಿ ಇದೆ' ಎಂದ ವೆಲ್ಡ್, ಬಿರುಗಾಳಿಯ ದಿನ ಬಿಡುವುದು ಇದೇ ಕಾರಣಕ್ಕೆ. ಒಂದೇ ಬದಿಗೆ ಹಾಕಿದ ವೆಲ್ಡ್ ಪುಸ್ತಕದಂತೆ ತೆರೆದುಕೊಳ್ಳುತ್ತದೆ. ಅಂಚುಗಳನ್ನು ಗ್ರೈಂಡರಿನಲ್ಲಿ ಓರೆಯಾಗಿ ಉಜ್ಜಿ, ಎರಡೂ ಬದಿಯಿಂದ, ಪ್ರತಿ ಸುತ್ತಿಗೂ ಸ್ಲ್ಯಾಗ್ ಕೆದಕಿ ತೆಗೆದು ತುಂಬಬೇಕು. ನೀರಿಗಿಳಿಸುವ ಮುನ್ನ ಗಟ್ಟಿ ಮರಕ್ಕೆ ಸಿಕ್ಕಿಸಿ ಚೈನ್ ಪುಲ್ಲಿಯಿಂದ ಎಳೆದು ನೋಡಿದರೆ ಅರ್ಧ ಅನುಮಾನ ದಡದಲ್ಲೇ ಬಗೆಹರಿಯುತ್ತದೆ. ಎಳೆಯುವಾಗ ಹಗ್ಗದ ಸಾಲಿನಲ್ಲಿ ಮಾತ್ರ ಯಾರೂ ನಿಲ್ಲಬಾರದು.

ಹೊಳೆಯುವ ಸ್ಟೀಲೂ ತುಕ್ಕು ಹಿಡಿಯುತ್ತದೆ

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ತುಕ್ಕಿನ ಭಯವಿಲ್ಲ ಎಂಬ ನಂಬಿಕೆ ಸಮುದ್ರದಲ್ಲಿ ನಡೆಯುವುದಿಲ್ಲ. ಅಡುಗೆ ಪಾತ್ರೆಗೂ ಬಳಸುವ 304 ದರ್ಜೆಗೆ ಉಪ್ಪುನೀರು ಚುಕ್ಕಿ ಚುಕ್ಕಿಯಾಗಿ ತೂತು ಮಾಡುತ್ತದೆ. ಮಾಲಿಬ್ಡಿನಮ್ ಬೆರೆತ 316 ಹೆಚ್ಚು ತಾಳಿಕೊಳ್ಳುತ್ತದೆ, ವೆಲ್ಡಿಂಗ್‌ಗೆ ಕಾರ್ಬನ್ ಕಡಿಮೆ ಇರುವ 316ಎಲ್ ಇನ್ನೂ ಮೇಲು. ಕಬ್ಬಿಣ ಉಜ್ಜಿದ ವೈರ್ ಬ್ರಷ್‌ನಲ್ಲೇ ಸ್ಟೀಲನ್ನೂ ಉಜ್ಜಿದರೆ ಕಬ್ಬಿಣದ ಕಣಗಳು ಕೂತು ಅಲ್ಲೇ ತುಕ್ಕು ಶುರುವಾಗುತ್ತದೆ. ಅಲ್ಯೂಮಿನಿಯಂ ಭಾಗಕ್ಕೆ ಸ್ಟೀಲ್ ಬೋಲ್ಟ್ ನೇರವಾಗಿ ತಾಗಿದರೆ ಉಪ್ಪುನೀರಿನಲ್ಲಿ ಎರಡೂ ಸೇರಿ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ನೈಲಾನ್ ವಾಷರ್, ಬೋಲ್ಟಿಗೆ ನೈಲಾನ್ ತೋಳು ಹಾಕಿ ಬೇರ್ಪಡಿಸಬೇಕು.

ವೆಲ್ಡ್ ಮಾಡುವವರ ಪ್ರಾಣಕ್ಕೂ ಬೆಲೆ ಇದೆ. ಜಿಐ ಪೈಪಿನ ಮೇಲಿನ ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ವೆಲ್ಡಿಂಗ್ ಕಿಡಿಯ ಶಾಖ ಅದನ್ನು ಎಷ್ಟೋ ಮೀರಿದ್ದು. ಏಳುವ ಬಿಳಿ ಹೊಗೆ ಕುಡಿದವರಿಗೆ ಕೆಲ ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಹಾಲು ಕುಡಿದರೆ ಏನೂ ಆಗದು ಎಂಬ ಮಾತು ವರ್ಕ್‌ಶಾಪುಗಳಲ್ಲಿ ಇದೆ, ಆದರೆ ಹೊಟ್ಟೆಗೆ ಹೋದ ಹಾಲು ಶ್ವಾಸಕೋಶಕ್ಕೆ ಹೋದ ಹೊಗೆಯನ್ನು ತಡೆಯುವುದಿಲ್ಲ. ಸತು ಉಜ್ಜಿ ತೆಗೆದು, ಬಯಲಲ್ಲಿ, ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು, ಹೊಗೆ ತಡೆಯುವ ಮಾಸ್ಕ್ ಹಾಕಿ ಕೆಲಸ ಮಾಡುವುದೇ ದಾರಿ.

ಹಾಗಾಗಿ ಮೊದಲು ಕಪ್ಪು ಉಕ್ಕಿನಲ್ಲಿ ವೆಲ್ಡ್ ಮುಗಿಸಿ, ಆಮೇಲೆ ಇಡೀ ಲಂಗರನ್ನು ಕರಗಿದ ಸತುವಿನಲ್ಲಿ ಅದ್ದಿಸುವುದು ವಾಸಿ. ಗ್ಯಾಲ್ವನೈಸಿಂಗ್ ಘಟಕದಲ್ಲಿ ಸತುವಿನ ತೊಟ್ಟಿ ಸುಮಾರು 450 ಡಿಗ್ರಿ ಇರುತ್ತದೆ. ದಂಡಕ್ಕೆ ಪೈಪ್ ಬಳಸಿ ಎರಡೂ ತುದಿ ಮುಚ್ಚಿದ್ದರೆ ಒಳಗಿನ ತೇವ ಆವಿಯಾಗಿ ಪೈಪ್ ಸಿಡಿಯಬಹುದು. ಅದಕ್ಕೇ ಕಳುಹಿಸುವ ಮುನ್ನ ಪೈಪಿಗೆ ತೂತು ಕೊರೆಯಲೇಬೇಕು.