ದ್ರಾಕ್ಷಾರಸದ ಹುದುಗುವಿಕೆಯಲ್ಲಿ ನೊರೆಯ ಹಾವಳಿ

ಆಲೆಮನೆಯಲ್ಲಿ ಕಬ್ಬಿನ ಹಾಲು ಉಕ್ಕಿ ಕೊಪ್ಪರಿಗೆಯ ಅಂಚಿಗೆ ಬಂದಾಗ ಕೆಲವು ತೊಟ್ಟು ಹರಳೆಣ್ಣೆಯನ್ನು ಬಿಟ್ಟು ಉಕ್ಕನ್ನು ಇಳಿಸುವ ಪದ್ಧತಿಯು ಗ್ರಾಮಸ್ಥರಿಗೆಲ್ಲ ತಿಳಿದೇ ಇದೆ. ದ್ರಾಕ್ಷಾರಸವನ್ನು ಹುದುಗಿಸಿ ವೈನು ಮಾಡುವಲ್ಲಿಯೂ ಇಂಥದೇ ತೊಂದರೆಯುಂಟು. ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನು ನೀತಿಯನ್ನು ಹೊರಡಿಸಿದೆಯಾದುದರಿಂದ, ಲೈಸೆನ್ಸು ಪಡೆದು ಈ ಕೈಗಾರಿಕೆಗೆ ತೊಡಗಬೇಕೆಂದಿರುವ ತೋಟದ ಯಜಮಾನರು ಈ ವಿಷಯವನ್ನು ತಿಳಿದಿರುವುದು ಯುಕ್ತ.

ರಸದಲ್ಲಿರುವ ಸಕ್ಕರೆಯನ್ನು ಯೀಸ್ಟೆಂಬ ಸೂಕ್ಷ್ಮಜೀವಿಯು ಮದ್ಯಸಾರವನ್ನಾಗಿಯೂ ಇಂಗಾಲಾಮ್ಲವಾಯುವನ್ನಾಗಿಯೂ ಮಾರ್ಪಡಿಸುವುದು. ಒಂದು ಲೀಟರು ರಸದಲ್ಲಿ 200 ಗ್ರಾಂ ಸಕ್ಕರೆಯಿದ್ದರೆ ಹೊರಬೀಳುವ ವಾಯುವು ಸುಮಾರು 50 ಲೀಟರಿನಷ್ಟಾಗುತ್ತದೆ. ಹಣ್ಣಿನ ಮತ್ತು ಯೀಸ್ಟಿನ ಪ್ರೋಟೀನುಗಳು ಈ ಗುಳ್ಳೆಗಳ ಸುತ್ತ ಪೊರೆಯಂತೆ ನಿಂತು ಅವು ಒಡೆಯದಂತೆ ತಡೆಯುವುದರಿಂದ ನೊರೆಯು ಏರುತ್ತ ಬರುವುದು. ಉಕ್ಕಿ ಹೋದ ರಸವು ನಷ್ಟವೇ ಸರಿ. ಅದಕ್ಕಿಂತಲೂ ಕೇಡೆಂದರೆ, ತೊಟ್ಟಿಯ ಹೊರಮೈಗೆ ಅಂಟಿದ ರಸಕ್ಕೆ ನೊಣಗಳು ಮುತ್ತಿ, ಅವುಗಳ ಮೂಲಕ ಹುಳಿಹಿಡಿಸುವ ಜೀವಾಣುಗಳು ಒಳಹೊಕ್ಕು, ವೈನೆಲ್ಲ ಕಾಡಿಯಾಗುವ ಭಯವಿರುತ್ತದೆ.

ತೊಟ್ಟಿಯನ್ನು ಕಂಠಪೂರ್ತಿ ತುಂಬುವ ಆಶೆಯೇ ಈ ತೊಂದರೆಗೆ ಅನೇಕ ವೇಳೆ ಕಾರಣ. ಕಾಲುಭಾಗವನ್ನು ಖಾಲಿ ಬಿಡತಕ್ಕದ್ದು. ಬಿಳಿಯ ವೈನಿಗಾದರೆ ರಸವನ್ನು ಮೊದಲು ತಿಳಿಗೊಳಿಸಿ, 12ರಿಂದ 18 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿಟ್ಟರೆ ಹುದುಗುವಿಕೆಯು ನಿಧಾನವಾಗಿ ನಡೆದು ನೊರೆಯೂ ತಗ್ಗುವುದು. ನೊರೆ ಕಡಮೆ ಬರುವ ಯೀಸ್ಟಿನ ತಳಿಗಳೂ ದೊರೆಯುತ್ತವೆ.

ಇಷ್ಟಕ್ಕೂ ಅಡಗದಿದ್ದರೆ ಮಾತ್ರ ನೊರೆನಾಶಕ ದ್ರವ್ಯವನ್ನು ಉಪಯೋಗಿಸಬಹುದು. ಆಲೆಮನೆಯ ಅಭ್ಯಾಸಬಲದಿಂದ ಇಲ್ಲಿಯೂ ಅಡಿಗೆಯ ಎಣ್ಣೆಯನ್ನು ಸುರಿಯುವುದು ಸರ್ವಥಾ ಕೂಡದು. ಅದು ಕನರಿ ವೈನಿನ ವಾಸನೆಯನ್ನು ಕೆಡಿಸುವುದು. ಹೆಚ್ಚಾಗಿ ಬಳಕೆಯಲ್ಲಿರುವುದು ಡೈಮೀಥೈಲ್ ಪಾಲಿಸಿಲಾಕ್ಸೇನ್ ಎಂಬ ಸಿಲಿಕೋನ್ ತೈಲ. ಇದು ರಸದಲ್ಲಿ ಕರಗದೆ ಗುಳ್ಳೆಯ ಪೊರೆಯೊಳಹೊಕ್ಕು ಹರಡಿ ಅದನ್ನು ಹರಿಯುತ್ತದೆ. ಆಹಾರಪದಾರ್ಥಕ್ಕೆಂದೇ ತಯಾರಾದುದನ್ನು ಕೊಂಡು, ಚೀಟಿಯಲ್ಲಿ ಹೇಳಿರುವ ಪ್ರಮಾಣವನ್ನು ಮೀರದಂತೆ ಬೆರೆಸಬೇಕು. ಇದರ ಬಹುಭಾಗವು ಯೀಸ್ಟಿನ ಗಷ್ಟಿನೊಡನೆಯೂ ಸೋಸುವಿಕೆಯಲ್ಲಿಯೂ ಹೊರಟುಹೋಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ನಿಯಮದಂತೆ ವೈನಿನಲ್ಲಿ ಉಳಿಯುವ ಸಿಲಿಕೋನು ಹತ್ತು ಲಕ್ಷ ಭಾಗಕ್ಕೆ 10 ಭಾಗವನ್ನು ಮೀರಕೂಡದು. ಬುರುಗೇ ಶೋಭೆಯಾಗಿರುವ ಷಾಂಪೇನಿನಂಥ ವೈನಿಗೆ ಇದು ಹೊಂದದು.

ನೊರೆಯನ್ನು ಕೈಯಿಂದ ತೆಗೆಯಲು ಆಳುಗಳನ್ನು ತೊಟ್ಟಿಯೊಳಕ್ಕೆ ಬಗ್ಗಿಸಕೂಡದು. ಇಂಗಾಲಾಮ್ಲವಾಯುವು ಗಾಳಿಗಿಂತ ಭಾರವಾದುದರಿಂದ ತೊಟ್ಟಿಯಲ್ಲಿಯೂ ಮುಚ್ಚಿದ ಕೋಣೆಯ ನೆಲದಲ್ಲಿಯೂ ನಿಂತು ಪ್ರಾಣಹಾನಿಮಾಡಬಲ್ಲದು. ಬಾಗಿಲು ಕಿಟಕಿಗಳನ್ನು ತೆರೆದು ಗಾಳಿಯಾಡಿಸಿದ ಮೇಲೆಯೇ ಆಳುಗಳನ್ನು ಒಳಗೆ ಬಿಡತಕ್ಕದ್ದು.